ಶುಕ್ರವಾರದ ಆಟಕ್ಕೆ ಯಾರೂ ಬರುತ್ತಿಲ್ಲ. ಮನೆಯಿಂದ ದುಡಿಯುವ ತಂಡ ಒಂದಾಗುವುದು ಹೇಗೆ?

ಪ್ರಶ್ನೆ

“ನಾನು ಬಳ್ಳಾರಿಯವಳು. ಬೆಂಗಳೂರಿನ ಒಂದು ಅಕೌಂಟಿಂಗ್ ಸಂಸ್ಥೆಗೆ ಟೀಮ್ ಲೀಡ್. ನನ್ನನ್ನೂ ಸೇರಿಸಿ 14 ಜನ, ಅದರಲ್ಲಿ 9 ಮಂದಿ ಹೆಣ್ಣುಮಕ್ಕಳು. ಬಳ್ಳಾರಿ, ಸಿರುಗುಪ್ಪ, ರಾಯಚೂರು, ಮಾನ್ವಿ, ಸಿಂಧನೂರು, ಗಂಗಾವತಿ, ಕೊಪ್ಪಳ – ಅವರವರ ಮನೆಯಿಂದಲೇ ಎಲ್ಲರ ಕೆಲಸ. ರೈಸ್ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ಬಟ್ಟೆ ಅಂಗಡಿಗಳ ಬಿಲ್ಲನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಏರಿಸಿ ಜಿಎಸ್‌ಟಿ ರಿಟರ್ನ್ ತಯಾರು ಮಾಡುತ್ತೇವೆ. ತಂಡದಲ್ಲಿ ಒಗ್ಗಟ್ಟು ಬರಲೆಂದು ಪ್ರತಿ ಶುಕ್ರವಾರ ಸಂಜೆ 5.30ಕ್ಕೆ ಆನ್‌ಲೈನ್ ಆಟ ಇಟ್ಟೆ. ಮೊದಲ ವಾರ ಎಲ್ಲರೂ ಬಂದರು; ಈಗ ಐದೇ ಜನ, ಅವರದೂ ಕ್ಯಾಮೆರಾ ಬಂದ್. ಹೋದ ತಿಂಗಳು ಮಾನ್ವಿಯ ಹೊಸ ಹುಡುಗ ಒಂದು ಮಿಲ್ಲಿನ ಖರೀದಿ ಲೆಕ್ಕ ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿಗೆ ತಾಳೆಯಾಗದೆ ಅರ್ಧ ದಿನ ಕೂತ. ಉತ್ತರ ಸಿಂಧನೂರಿನ ಅಕ್ಕನಿಗೆ ಗೊತ್ತಿತ್ತು. ‘ಯಾಕಪ್ಪಾ ಕೇಳಲಿಲ್ಲ’ ಅಂದರೆ, ‘ಅವರ ಮಾರಿನೇ ನೋಡಿಲ್ರಿ, ಹೆಂಗ ಕೇಳಲಿ’ ಅಂದ. ಎಂಟ್ರಿ ಲೆಕ್ಕದ ಮೇಲೆ ಇನ್ಸೆಂಟಿವ್ ಇರುವುದರಿಂದ ಒಬ್ಬರನ್ನು ತಡೆದು ಕೇಳಲು ಮನಸ್ಸಾಗಲ್ಲ ಅಂತ ಇನ್ನೊಬ್ಬರು ಹೇಳಿದರು. ಮಾಲೀಕರು ಇದಕ್ಕೆಂದು ವರ್ಷಕ್ಕೆ 40 ಸಾವಿರ ಕೊಡುತ್ತಾರೆ. ಹೊಸಪೇಟೆ ಕಡೆ ರೆಸಾರ್ಟಿಗೆ ಒಂದು ರಾತ್ರಿ ಕರೆದುಕೊಂಡು ಹೋಗಿ, ಕ್ಯಾಮೆರಾ ಕಡ್ಡಾಯ ಮಾಡಿ ಅನ್ನುತ್ತಾರೆ. ತಪ್ಪು ನನ್ನದಾ? ಶುಕ್ರವಾರದ ಆಟ ನಿಲ್ಲಿಸಲೇ?”

ಉತ್ತರ

ಆಟಕ್ಕೆ ಐದೇ ಜನ ಬರುತ್ತಾರೆ ಎಂಬುದು ನಿಮ್ಮ ಮನಸ್ಸಿಗೆ ಹತ್ತಿದೆ. ಆದರೆ ನಿಮ್ಮ ಪತ್ರದಲ್ಲಿ ತೂಕದ ಮಾತು ಆ ಮಾನ್ವಿಯ ಹುಡುಗನದು. ಖರೀದಿ ಬಿಲ್ಲು ಪುಸ್ತಕದಲ್ಲಿದೆ, ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಮಾರಿದವರು ಹಾಕಿದ ರಿಟರ್ನ್‌ನಿಂದ ಪೋರ್ಟಲ್ ತಾನೇ ಮಾಡುವ ಖರೀದಿ ಪಟ್ಟಿಯಲ್ಲಿ, ಇಲ್ಲ. ಇಂಥದಕ್ಕೆ ಕಾರಣ ಎಷ್ಟೋ ಸಲ ಚಿಕ್ಕದಿರುತ್ತದೆ: ಗೋಣಿಚೀಲ ಮಾರಿದ ವ್ಯಾಪಾರಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವನಾಗಿದ್ದರೆ ಅವನ ಬಿಲ್ಲು ಈ ತಿಂಗಳ 2ಬಿಯಲ್ಲಿ ಕಾಣದೇ ಇರಬಹುದು. ಆ ವ್ಯಾಪಾರಿಯ ಲೆಕ್ಕ ಹಿಂದೆ ನೋಡಿದವರಿಗೆ ಇದು ಒಂದು ನಿಮಿಷದ ಮಾತು, ನೋಡದವರಿಗೆ ಅರ್ಧ ದಿನ. ಗೊತ್ತಿದ್ದವರು ತಂಡದಲ್ಲೇ ಇದ್ದರು, ಕೇಳುವ ದಾರಿ ಇರಲಿಲ್ಲ. ನಿಮ್ಮ ತಂಡಕ್ಕೆ ಕಟ್ಟಿಕೊಡಬೇಕಾದದ್ದು ಆ ದಾರಿ. ಮುಂದೆ ಹೇಳುವುದನ್ನೆಲ್ಲ ಅದೇ ಅಳತೆಗೋಲಿನಲ್ಲಿ ನೋಡಿ.

ತಪ್ಪು ನಿಮ್ಮದಲ್ಲ. ಔಷಧಿ ಬೇರೆ ಕಾಯಿಲೆಯದ್ದು, ಕೊಟ್ಟ ಹೊತ್ತೂ ಸರಿಯಿರಲಿಲ್ಲ, ಅಷ್ಟೇ. ಸಂಜೆ ಐದೂವರೆ ಅಂದರೆ ಮಕ್ಕಳು ಶಾಲೆಯಿಂದ ಬಂದಿರುತ್ತಾರೆ, ನಳ ಬಿಡುವ ದಿನವಾದರೆ ಕೊಡ ಹಿಡಿದು ನಿಲ್ಲಬೇಕು, ಒಲೆ ಮೇಲೆ ರೊಟ್ಟಿ ಹಂಚು ಏರಿರುತ್ತದೆ. 9 ಮಂದಿ ಹೆಣ್ಣುಮಕ್ಕಳಿರುವ ತಂಡಕ್ಕೆ ಇದಕ್ಕಿಂತ ಬಿಗಿಯಾದ ಹೊತ್ತು ದಿನದಲ್ಲಿ ಮತ್ತೊಂದಿಲ್ಲ. ಅವರಿಗೆ ಆಸಕ್ತಿಯಿಲ್ಲ ಎಂದು ತೀರ್ಮಾನಿಸುವ ಮೊದಲು ಗಡಿಯಾರ ನೋಡಬೇಕಿತ್ತು. ಕೆಲಸಕ್ಕಾಗಿ ಮಾಡುವುದು ಕೆಲಸದ ಹೊತ್ತಿನಲ್ಲೇ ನಡೆಯಬೇಕು.

ಆಟದಿಂದ ಒಗ್ಗಟ್ಟು ಬರುತ್ತದೆ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಸಂಶೋಧಕ ಕ್ಯಾಮರಾನ್ ಕ್ಲೈನ್ ಮತ್ತು ಸಂಗಡಿಗರು 2009ರಲ್ಲಿ ತಂಡ ಕಟ್ಟುವ ಚಟುವಟಿಕೆಗಳ ಬಗೆಗಿನ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದರು. ಗುರಿ ನಿಗದಿ, ಪರಸ್ಪರ ಸಂಬಂಧ, ಸಮಸ್ಯೆ ಬಿಡಿಸುವುದು, ಯಾರ ಪಾತ್ರ ಏನೆಂದು ಸ್ಪಷ್ಟಪಡಿಸುವುದು – ಈ ನಾಲ್ಕೂ ಒಂದಿಷ್ಟು ಫಲ ಕೊಡುತ್ತವೆ. ಹೆಚ್ಚು ಫಲ ಕಂಡದ್ದು ಗುರಿ ನಿಗದಿಯಲ್ಲಿ ಮತ್ತು ಪಾತ್ರ ಸ್ಪಷ್ಟಪಡಿಸುವುದರಲ್ಲಿ. ನಗಿಸುವ ಆಟ ಮೂರನೇ ಸಾಲಿನ ಸಾಮಾನು. ನಾವು ಅದನ್ನೇ ಮೊದಲು ಕೊಳ್ಳುತ್ತೇವೆ.

ಕ್ಯಾಮೆರಾ ಕಡ್ಡಾಯ ಮಾಡಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಕರೆಯ ಆಯಾಸಕ್ಕೆ ನಾಲ್ಕು ಕಾರಣ ಗುರುತಿಸಿದ್ದರು: ತೀರಾ ಹತ್ತಿರದಿಂದ ಎಲ್ಲರೂ ದಿಟ್ಟಿಸಿದಂತೆ ಇರುವುದು, ತನ್ನದೇ ಮುಖ ಸದಾ ಕಣ್ಣೆದುರು ಇರುವುದು, ಕದಲದೆ ಕೂರಬೇಕಾಗುವುದು, ಹಾವಭಾವ ಓದಲು ಮೆದುಳಿಗೆ ಹೆಚ್ಚು ಕೆಲಸ ಬೀಳುವುದು. ನಮ್ಮ ಕಡೆ ಇನ್ನೂ ಮೂರು ಸೇರಿಸಿಕೊಳ್ಳಿ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಮಾವನವರು ಮಲಗಿರುತ್ತಾರೆ. ತನ್ನ ಚಿತ್ರವನ್ನು ಯಾರಾದರೂ ಸ್ಕ್ರೀನ್‌ಶಾಟ್ ಹೊಡೆದುಕೊಂಡರೆ ಎಂಬ ಅಳುಕು ಹೆಣ್ಣುಮಕ್ಕಳಿಗೆ ಇರುತ್ತದೆ. ಮತ್ತೆ ಡೇಟಾ: ಗುಂಪು ವಿಡಿಯೊ ಕರೆ ಒಂದು ಗಂಟೆಗೆ ಸುಮಾರು 1 ಜಿಬಿ ತಿನ್ನಬಲ್ಲದು, ಧ್ವನಿ ಮಾತ್ರದ ಕರೆ 100 ಎಂಬಿ ದಾಟುವುದು ಅಪರೂಪ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ, ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ದುಡಿಯುವವರಿಗೆ ನಿಮ್ಮ ಆಟ ಅರ್ಧ ದಿನದ ಕೆಲಸದ ಡೇಟಾ ಕಸಿಯುತ್ತದೆ. ಏಪ್ರಿಲ್-ಮೇನಲ್ಲಿ ಪಾರಾ 40 ದಾಟಿ ಕರೆಂಟೂ ಹೋದ ಮಧ್ಯಾಹ್ನ ಮುಖ ತೋರಿಸು ಎನ್ನುವುದು ಶಿಕ್ಷೆಯಂತೆ ಕೇಳಿಸುತ್ತದೆ. ಕ್ಯಾಮೆರಾ ಅವರವರ ಇಷ್ಟಕ್ಕೆ ಇರಲಿ. ಧ್ವನಿ ಸ್ವಚ್ಛವಾಗಿ ಕೇಳುವಂತೆ ಮಾಡಿ, ಅದಕ್ಕೆ ಹಣ ಹಾಕಿ.

ಇನ್ನು ಮೂಲಕ್ಕೆ ಬರೋಣ. ಮುಖ ಕಂಡಿಲ್ಲ, ಆದ್ದರಿಂದ ಕೇಳಲಿಲ್ಲ – ಇದು ಆ ಹುಡುಗನ ಸಂಕೋಚ ಮಾತ್ರ ಅಲ್ಲ. ಥಾಮಸ್ ಅಲೆನ್ ಎಂಬ ಸಂಶೋಧಕರು 1977ರಲ್ಲೇ ತೋರಿಸಿದ್ದರು: ಒಂದೇ ಕಟ್ಟಡದಲ್ಲಿರುವ ಎಂಜಿನಿಯರುಗಳೂ ಮೇಜಿನಿಂದ ಮೇಜಿಗೆ ದೂರ ಹೆಚ್ಚಿದಂತೆ ಮಾತು ಕಡಿಮೆ ಮಾಡುತ್ತಾರೆ, 50 ಮೀಟರ್ ದಾಟಿದರೆ ಮಾತುಕತೆ ಬಹುತೇಕ ನಿಂತೇ ಹೋಗುತ್ತದೆ. ಮಾನ್ವಿಗೂ ಸಿಂಧನೂರಿಗೂ ನಡುವೆ ಎಷ್ಟು ಮೀಟರ್ ಅಂತ ಲೆಕ್ಕ ಹಾಕಿ. ಆಫೀಸಿನಲ್ಲಿ ಚಹಾಕ್ಕೆ ಎದ್ದಾಗ ಪಕ್ಕದವರ ಪರದೆ ಕಣ್ಣಿಗೆ ಬೀಳುತ್ತದೆ, “ಇದನ್ನ ನಾ ಮೊನ್ನೆ ಮಾಡೀನಿ, ತಡಿ” ಎಂಬ ಮಾತು ತಾನೇ ಹುಟ್ಟುತ್ತದೆ. ಮನೆಯಿಂದ ಕೆಲಸ ಮಾಡುವಾಗ ಆ ಚಹಾದ ಹೊತ್ತನ್ನು ನೀವೇ ವ್ಯವಸ್ಥೆ ಮಾಡಿಕೊಡಬೇಕಾಗುತ್ತದೆ.

ಎರಡನೆಯ ಕಾರಣವನ್ನು ನೀವೇ ಬರೆದಿದ್ದೀರಿ, ದಾಟಿ ಹೋಗಿದ್ದೀರಿ: ಎಂಟ್ರಿ ಲೆಕ್ಕದ ಇನ್ಸೆಂಟಿವ್. ಸಿಂಧನೂರಿನ ಅಕ್ಕ ಇಪ್ಪತ್ತು ನಿಮಿಷ ಹುಡುಗನಿಗೆ ಹೇಳಿಕೊಟ್ಟರೆ ಅವರ ಎಂಟ್ರಿ ಕಡಿಮೆಯಾಗುತ್ತದೆ, ತಿಂಗಳ ಕೊನೆಗೆ ಜೇಬಿಗೆ ಪೆಟ್ಟು. ಸಹಾಯ ಮಾಡಿದವರಿಗೆ ನಷ್ಟವಾಗುವ ಏರ್ಪಾಡು ಇಟ್ಟುಕೊಂಡು ಯಾವ ಆಟ ಆಡಿಸಿದರೂ, ಯಾವ ರೆಸಾರ್ಟಿಗೆ ಕರೆದೊಯ್ದರೂ ಸೋಮವಾರ ಬೆಳಿಗ್ಗೆ ಎಲ್ಲ ಮೊದಲಿನಂತೆಯೇ. ಮಾಲೀಕರ ಹತ್ತಿರ ದುಡ್ಡಿಗಿಂತ ಮೊದಲು ಇದನ್ನು ಕೇಳಿ: ಪ್ರತಿಯೊಬ್ಬರಿಗೂ ದಿನಕ್ಕೆ 20 ನಿಮಿಷ ‘ನೆರವಿನ ಹೊತ್ತು’ ಬಿಟ್ಟು, ಎಂಟ್ರಿಯ ಗುರಿಯನ್ನು ಅಷ್ಟಕ್ಕೆ ಇಳಿಸಬೇಕು. ಒಪ್ಪದಿದ್ದರೆ, ಇನ್ಸೆಂಟಿವ್‌ನ ಒಂದು ಪಾಲಾದರೂ ಇಡೀ ತಂಡ ತಿಂಗಳ ರಿಟರ್ನ್ ಕೆಲಸವನ್ನು 20ನೇ ತಾರೀಖಿನೊಳಗೆ ತಪ್ಪಿಲ್ಲದೆ ಮುಗಿಸಿದ್ದಕ್ಕೆ ಸಿಗಬೇಕು. ತಂಡಕ್ಕೆ ಅಂತ ಪೂರ್ತಿ ಬದಲಾಯಿಸುವುದೂ ಅಪಾಯ. ಹಗ್ಗ ಜಗ್ಗುವಾಗ ಜನ ಹೆಚ್ಚಾದಂತೆ ಒಬ್ಬೊಬ್ಬರ ಬಲ ಕಡಿಮೆಯಾಗುತ್ತದೆ ಎಂದು ಫ್ರಾನ್ಸಿನ ಎಂಜಿನಿಯರ್ ರಿಂಗಲ್‌ಮನ್ 1913ರಲ್ಲೇ ಬರೆದಿದ್ದಾರೆ. ಯಾರೋ ಜಗ್ಗುತ್ತಾರೆ ಬಿಡು ಎಂಬ ಭಾವ ಎಲ್ಲ ಕಡೆಯೂ ಬರುತ್ತದೆ. ಮುಕ್ಕಾಲು ಪಾಲು ವೈಯಕ್ತಿಕ, ಕಾಲು ಪಾಲು ತಂಡದ್ದು – ಶುರುವಿಗೆ ಇಷ್ಟು ಸಾಕು.

ಮೊದಲು ಮಾಡಬೇಕಾದದ್ದು ಜೋಡಿ ಮಾತು

ಶುಕ್ರವಾರದ ಆಟದ ಜಾಗಕ್ಕೆ ಇದನ್ನು ತನ್ನಿ. ವಾರದ ನಡುವೆ, ಬುಧವಾರ 11.30ಕ್ಕೆ, 14 ಜನ ಏಳು ಜೋಡಿಯಾಗಿ 20 ನಿಮಿಷ ಫೋನಿನಲ್ಲಿ ಮಾತಾಡಬೇಕು. ವಿಡಿಯೊ ಬೇಡ. ಜೋಡಿ ಪ್ರತಿ ಸಲ ಬೇರೆ. ಕಾಗದದ ಮೇಲೆ ಏಳು ಹೆಸರು ಮೇಲಿನ ಸಾಲಿಗೆ, ಏಳು ಕೆಳಗಿನ ಸಾಲಿಗೆ ಬರೆಯಿರಿ. ಎದುರುಬದುರು ಇದ್ದವರು ಜೋಡಿ. ಮುಂದಿನ ಸಲ ಮೇಲಿನ ಸಾಲಿನ ಮೊದಲ ಹೆಸರನ್ನು ಅಲ್ಲೇ ಬಿಟ್ಟು ಉಳಿದ 13 ಹೆಸರನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಒಂದೊಂದು ಮನೆ ಸರಿಸಿ. 13 ಸುತ್ತಿನಲ್ಲಿ ಒಟ್ಟು 91 ಜೋಡಿಯೂ ಒಮ್ಮೆ ಮಾತಾಡಿರುತ್ತದೆ, ಯಾವುದೂ ಎರಡು ಸಲ ಬರುವುದಿಲ್ಲ.

ಆದರೆ ನಿಮ್ಮ ಕೆಲಸಕ್ಕೆ ತಾರೀಖು ಇದೆ. 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 14ಕ್ಕೆ 2ಬಿ ಬರುತ್ತದೆ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ಆ ದಿನಗಳಲ್ಲಿ ಏನನ್ನೂ ಇಡಬೇಡಿ, ಬೈಗುಳ ಬರುತ್ತದೆ. 21ರಿಂದ ಮುಂದಿನ ತಿಂಗಳ 5ರ ತನಕ ಬಿಡುವು. ಅಲ್ಲಿ ಎರಡು ಬುಧವಾರ ಸಿಗುತ್ತದೆ. ತಿಂಗಳಿಗೆ ಎರಡೇ ಸುತ್ತಾದರೂ ಏಳು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ.

ಮಾತಾಡಲು ಮೂರು ಪ್ರಶ್ನೆ ಕೊಡಿ: ಈ ತಿಂಗಳು ಎಲ್ಲಿ ಸಿಕ್ಕಿಬಿದ್ದಿದ್ದಿರಿ? ಯಾವ ಪಾರ್ಟಿಯ (ಗಿರಾಕಿಯ) ಲೆಕ್ಕ ನಿಮಗೆ ನೀರು ಕುಡಿದಷ್ಟು ಸಲೀಸು? ಊರ ಕಡೆ ಏನು ಸುದ್ದಿ? ಮೂರನೆಯದು ಸುಮ್ಮನೆ ಇಟ್ಟದ್ದಲ್ಲ, ಮಾತು ಸಡಿಲಾಗುವುದೇ ಅಲ್ಲಿ. ಕೆಡುವುದು ಎಲ್ಲಿ ಅಂದರೆ, ಲೀಡ್ ಆದವರು “ಏನು ಮಾತಾಡಿದಿರಿ, ರಿಪೋರ್ಟ್ ಕಳಿಸಿ” ಎಂದು ಕೇಳಿದಾಗ. ಕೇಳಬೇಡಿ. ಸ್ವಂತ ನಂಬರ್ ಕೊಡಲು ಇಷ್ಟವಿಲ್ಲದ ಹೆಣ್ಣುಮಕ್ಕಳಿದ್ದರೆ ಆಫೀಸಿನ ಆ್ಯಪಿನಲ್ಲೇ ಕರೆ ಮಾಡಲಿ. ಜೋಡಿ ಬದಲಿಸಿಕೊಳ್ಳಬೇಕು ಎಂದು ಯಾರಾದರೂ ಬಂದರೆ ಕಾರಣ ಕೇಳದೆ ಬದಲಿಸಿ. ಯಾರಾದರೂ ರಜೆ ಇದ್ದರೆ ಒಬ್ಬರು ಉಳಿಯುತ್ತಾರೆ; ಮೂವರ ಗುಂಪು ಮಾಡಿ.

ಮೊದಲ ಸುತ್ತಿಗೇ ಮಾನ್ವಿಯ ಹುಡುಗ ಮತ್ತು ಸಿಂಧನೂರಿನ ಅಕ್ಕ ಎದುರುಬದುರು ಬರುವಂತೆ ಹೆಸರು ಬರೆಯಿರಿ. ಅಷ್ಟು ಸ್ವಾತಂತ್ರ್ಯ ನಿಮಗಿದೆ.

ಜೊತೆಗೆ ಒಂದು ಹಾಳೆ ಇರಲಿ, ಎಲ್ಲರೂ ತೆರೆದು ನೋಡುವಂಥದ್ದು. ಹೆಸರು, ಊರು, ಚೆನ್ನಾಗಿ ಗೊತ್ತಿರುವ ಎರಡು ವಿಷಯ, ಕಲಿಯಬೇಕೆಂದಿರುವ ಒಂದು ವಿಷಯ, ಕರೆ ಮಾಡಬಹುದಾದ ಹೊತ್ತು, ಮಾಡಬಾರದ ಹೊತ್ತು, ಸಲೀಸಾದ ಭಾಷೆ. ಜನ್ಮದಿನ, ಮದುವೆ, ಮಕ್ಕಳು ಯಾವುದೂ ಬೇಡ. ಮೊದಲು ನಿಮ್ಮ ಸಾಲು ತುಂಬಿಸಿ. ‘ಕಲಿಯಬೇಕು’ ಎಂಬ ಕಡೆ ನಿಜವಾಗಿ ಬಾರದ್ದನ್ನೇ ಬರೆಯಿರಿ. ಲೀಡ್ ಖಾಲಿ ಬಿಟ್ಟರೆ ಎಲ್ಲರೂ ಖಾಲಿ ಬಿಡುತ್ತಾರೆ.

ಭಾಷೆಯ ವಿಚಾರ ಬಂತು. ಸಿರುಗುಪ್ಪ, ಸಿಂಧನೂರು, ಮಾನ್ವಿಯ ಕ್ಯಾಂಪುಗಳ (ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳ) ಕಡೆಯವರು ತೆಲುಗಿನಲ್ಲಿ, ಬಳ್ಳಾರಿ-ರಾಯಚೂರಿನ ಕೆಲವರು ಉರ್ದುವಿನಲ್ಲಿ ತಮ್ಮೊಳಗೆ ಮಾತಾಡಿಕೊಳ್ಳುವುದು ಸಹಜ. ಅದನ್ನು ತಡೆದರೆ ಕೆಟ್ಟದ್ದಾಗುತ್ತದೆ. ಇಬ್ಬರ ನಡುವೆ ಯಾವ ಭಾಷೆಯಾದರೂ ಇರಲಿ, ಎಲ್ಲರೂ ಇರುವ ಗುಂಪಿನಲ್ಲಿ ಕೆಲಸದ ಪ್ರಶ್ನೆ-ಉತ್ತರ ಕನ್ನಡದಲ್ಲಿ ಎಂದು ಒಂದೇ ನಿಯಮ ಇಡಿ. ಇಲ್ಲದಿದ್ದರೆ ಉತ್ತರ ಒಂದು ಭಾಷೆಯವರ ಕೈಯಲ್ಲೇ ಉಳಿಯುತ್ತದೆ.

ತಿಂಗಳಿಗೊಮ್ಮೆ, 24-25ರ ಹೊತ್ತಿಗೆ, ‘ತೋರಿಸುವ ಅರ್ಧಗಂಟೆ’ ಇಡಬಹುದು. ಒಬ್ಬರು ತಮ್ಮ ಪರದೆ ಹಂಚಿಕೊಂಡು ಆ ತಿಂಗಳು ಕಾಡಿದ ಒಂದು ಲೆಕ್ಕ ತೋರಿಸುತ್ತಾರೆ: 12 ನಿಮಿಷ ತೋರಿಸುವುದು, 15 ನಿಮಿಷ ಪ್ರಶ್ನೆ. ಮೊದಲ ಸಲ ನೀವೇ ನಿಮ್ಮ ತಪ್ಪೊಂದನ್ನು ತೋರಿಸಿ. ಮಾಲೀಕರನ್ನು ಸೇರಿಸಬೇಡಿ, ಅವರು ಬಂದ ಕ್ಷಣ ಅದು ತಪಾಸಣೆಯಾಗುತ್ತದೆ. ಉಚಿತ ಗೂಗಲ್ ಮೀಟ್‌ನಲ್ಲಿ ಗುಂಪು ಕರೆ 60 ನಿಮಿಷಕ್ಕೆ, ಉಚಿತ ಜೂಮ್‌ನಲ್ಲಿ 40ಕ್ಕೆ ಕಡಿಯುತ್ತದೆ. ಅರ್ಧಗಂಟೆಗೆ ಎರಡೂ ಸಾಕು.

ಆಟ ಪೂರ್ತಿ ಬಿಡಬೇಕಿಲ್ಲ. ಕೂಡಿಸಿ ಆಡಿಸುವುದನ್ನು ಬಿಡಿ. ಪ್ರತಿ ತಿಂಗಳ ಕೊನೆಯ ವಾರ ಒಬ್ಬೊಬ್ಬರು ತಮ್ಮ ಊರಿನ 10 ಸೆಕೆಂಡಿನ ಸದ್ದು ರೆಕಾರ್ಡ್ ಮಾಡಿ ನಿಮಗೊಬ್ಬರಿಗೇ ಕಳಿಸಲಿ. ನೀವು ಹೆಸರಿಲ್ಲದೆ ಗುಂಪಿಗೆ ಹಾಕಿ. ಗಂಗಾವತಿಯ ಮಿಲ್ಲಿನ ಗುಡುಗು, ಬಳ್ಳಾರಿಯ ಜೀನ್ಸ್ ಹೊಲಿಗೆ ಯಂತ್ರದ ಸಾಲು, ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗು, ಒಗ್ಗರಣೆಗೆ ಬಿದ್ದ ಸಾಸಿವೆ. ಯಾರದು, ಎಲ್ಲಿಯದು ಎಂದು ಬಿಡುವಾದಾಗ ಊಹಿಸಿದರಾಯಿತು. ಡೇಟಾ ಇಲ್ಲ, ಮುಖ ಇಲ್ಲ, ಹೊತ್ತಿನ ಕಟ್ಟಿಲ್ಲ. ಆದರೆ ‘ನಿಮ್ಮ ಮನೆ ತೋರಿಸಿ’, ‘ಬಾಲ್ಯದ ಫೋಟೊ’, ‘ಗುಟ್ಟು ಹೇಳಿ’ ಬಗೆಯ ಆಟ ಬೇಡವೇ ಬೇಡ. ಮನೆ ತೋರಿಸಿದರೆ ಬಡತನ ತೋರುತ್ತದೆ, ಜಾತಿ ತೋರುತ್ತದೆ. ಆಮೇಲೆ ಆ ಮನುಷ್ಯ ಬಾಯಿ ಬಿಡುವುದಿಲ್ಲ.

40 ಸಾವಿರ, ರೆಸಾರ್ಟ್ ಮತ್ತು ಒಂದು ದಿನ

ಮುಖತಃ ಸೇರುವುದು ಬೇಕೇ ಬೇಕು, ಅದರಲ್ಲಿ ಮಾಲೀಕರ ಮಾತು ಸರಿ. ರಾತ್ರಿ ಉಳಿಯುವುದು ಮಾತ್ರ ಬೇಡ. 9 ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಮನೆಯಲ್ಲಿ ಒಪ್ಪಿಗೆ ಸಿಗುತ್ತದೆ, ಎಷ್ಟು ಮಂದಿ ಮಗುವನ್ನು ಬಿಟ್ಟು ಬರಬಲ್ಲರು? ಐದು ಜನ ಉಳಿದು ಒಂಬತ್ತು ಜನ ಹೋದರೆ, ಫೋಟೊ ಗುಂಪಿಗೆ ಬಂದ ಕ್ಷಣ ತಂಡ ಎರಡಾಗುತ್ತದೆ. ಈಗಿರುವುದಕ್ಕಿಂತ ಕೆಟ್ಟ ಸ್ಥಿತಿ ಅದು.

ವರ್ಷಕ್ಕೆ ಎರಡು ಸಲ ಹಗಲು ಹೊತ್ತಿನ ಕೂಟ ಇಟ್ಟುಕೊಳ್ಳಿ, ಗಂಗಾವತಿಯಲ್ಲಿ. ರಾಯಚೂರು-ಮಾನ್ವಿ-ಸಿಂಧನೂರಿನವರು ಒಂದೇ ರಸ್ತೆಯಲ್ಲಿ ಬರುತ್ತಾರೆ, ಕೊಪ್ಪಳ ಹತ್ತಿರ, ಬಳ್ಳಾರಿಯಿಂದ ಕಂಪ್ಲಿ ಮೇಲೆ ದಾರಿ. ತುಂಗಭದ್ರಾ ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ಆದ್ದರಿಂದ ಮಳೆಗಾಲ ಬಿಡಿ, ಬೇಸಿಗೆಯನ್ನೂ ಬಿಡಿ. ನವೆಂಬರಿನಲ್ಲೊಂದು, ಫೆಬ್ರವರಿಯಲ್ಲೊಂದು, 21ರ ನಂತರದ ಶನಿವಾರ. ರಾಯಚೂರಿನವರಿಗೆ ಮೂರು ತಾಸಿನ ಮೇಲೆ ಪ್ರಯಾಣ. ಹಾಗಾಗಿ 11ಕ್ಕೆ ಶುರು, 3.30ಕ್ಕೆ ಬಿಡುಗಡೆ, ಕತ್ತಲಾಗುವ ಹೊತ್ತಿಗೆ ಎಲ್ಲರೂ ಮನೆಯ ಹತ್ತಿರ ಇರುವಂತೆ.

ಒಂದು ಕೂಟಕ್ಕೆ ಲೆಕ್ಕ: ಬಸ್ಸಿಗೆ ತಲೆಗೆ ಸರಾಸರಿ 250ರಂತೆ 3,500, ಚಹಾ, ಊಟಕ್ಕೆ 300ರಂತೆ 4,200, ಚಿಕ್ಕ ಹಾಲ್ 3,000, ಚಾರ್ಟು, ಕಾರ್ಡು, ನೂಲು 500, ಮೇಲುಖರ್ಚು 800. ಒಟ್ಟು 12,000, ಎರಡಕ್ಕೆ 24,000. ದರ ನಿಮ್ಮಲ್ಲಿ ಹೆಚ್ಚುಕಡಿಮೆ ಇದ್ದೀತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದರೂ ಪ್ರಯಾಣದ ಹಣವನ್ನು ಎಲ್ಲರಿಗೂ ಸಮನಾಗಿ ಕೊಡಿ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಆಟೊ ಉಚಿತವಲ್ಲ. ಉಳಿದ 16,000ದಲ್ಲಿ ತಲೆಗೆ 700ರ ಮೈಕ್ ಇರುವ ಹೆಡ್‌ಸೆಟ್ 14, ಅಲ್ಲಿಗೆ 9,800. ಮಿಕ್ಕ 6,200 ಹೊಸದಾಗಿ ಸೇರಿದವರು ನಿಮ್ಮನ್ನು ಒಮ್ಮೆ ಮುಖತಃ ಕಂಡು ಹೋಗುವ ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಆ ದಿನ ಏನು ಮಾಡುವುದು? ಇಲ್ಲೇ ಹೆಚ್ಚಿನವರು ಕೈ ಚೆಲ್ಲಿ ಅಂತ್ಯಾಕ್ಷರಿಗೆ ಬೀಳುತ್ತಾರೆ. ಮಂಡಕ್ಕಿ-ಮಿರ್ಚಿ, ಚಹಾ ಮುಗಿಸಿ, ಗೋಡೆಯ ಮೇಲೆ ಒಂದು ಬಿಲ್ಲಿನ ಪ್ರಯಾಣ ಕಟ್ಟಿ. ಉದ್ದಕ್ಕೆ ಆರು ಚಾರ್ಟು: ಮಿಲ್ಲಿನ ಗುಮಾಸ್ತರು ಬಿಲ್ಲಿನ ಫೋಟೊ ಕಳಿಸಿದ್ದು, ಎಂಟ್ರಿ, ಪರಿಶೀಲನೆ, 2ಬಿ ತಾಳೆ, ಪಾರ್ಟಿಯ ಒಪ್ಪಿಗೆ, ರಿಟರ್ನ್. ಒಬ್ಬೊಬ್ಬರೂ ತಾವು ಮುಟ್ಟುವ ಹಂತದ ಕೆಳಗೆ ಎರಡು ಕಾರ್ಡು ಅಂಟಿಸಬೇಕು. ಒಂದರಲ್ಲಿ ‘ನನಗೆ ಯಾರಿಂದ ಏನು ಬರಬೇಕು’, ಇನ್ನೊಂದರಲ್ಲಿ ‘ನಾನು ಯಾರಿಗೆ ಏನು ಕೊಡುತ್ತೇನೆ’. ಆಮೇಲೆ ಕೊಡುವ ಕಾರ್ಡಿನಿಂದ ಪಡೆಯುವ ಕಾರ್ಡಿಗೆ ಕೆಂಪು ನೂಲು ಎಳೆಯಿರಿ. ಅರ್ಧ ತಾಸಿನಲ್ಲಿ ಗೋಡೆ ಮಾತಾಡತೊಡಗುತ್ತದೆ. ಕೆಲವು ಕಾರ್ಡಿಗೆ ನೂಲೇ ಬಂದಿರುವುದಿಲ್ಲ: ‘ಮಸುಕಾದ ಫೋಟೊ ಬಂದರೆ ತಿರುಗಿ ಕೇಳುವುದು ಯಾರು?’ ಇಬ್ಬರೂ ಇನ್ನೊಬ್ಬರು ಕೇಳುತ್ತಾರೆ ಅಂದುಕೊಂಡಿರುತ್ತಾರೆ. ಒಂದು ಕಾರ್ಡಿಗೆ ಎಂಟು ನೂಲು ಸುತ್ತಿಕೊಂಡಿರುತ್ತದೆ, ಬಹುಶಃ ನಿಮ್ಮದಕ್ಕೇ. ಆ ಗಂಟನ್ನು ಎಲ್ಲರ ಎದುರು ಬಿಚ್ಚಿ, ಒಂದೊಂದು ನೂಲನ್ನೂ ಯಾರಿಗೆ ವರ್ಗಾಯಿಸುವುದು ಎಂದು ಅವರಿಂದಲೇ ಹೇಳಿಸಿ. ಇದು ಪಾತ್ರ ಸ್ಪಷ್ಟಪಡಿಸುವ ಕೆಲಸ, ಹೆಗಲಿಗೆ ಹೆಗಲು ತಾಗಿಸಿ ನೂಲು ಕಟ್ಟುವಾಗ ಪರಿಚಯವೂ ಆಗುತ್ತದೆ.

ಊಟಕ್ಕೆ ಖಾನಾವಳಿಯಿಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತರಿಸಿ. ಯಾರ ಮನೆಯಲ್ಲೂ ಊಟ ಇಟ್ಟುಕೊಳ್ಳಬೇಡಿ. ಆ ಮನೆಯ ಹೆಣ್ಣುಮಕ್ಕಳಿಗೆ ಹಗಲೆಲ್ಲ ಹೊರೆ, ಮೇಲೆ ಯಾರು ಉಣ್ಣುತ್ತಾರೆ, ಯಾರು ಉಣ್ಣುವುದಿಲ್ಲ ಎಂಬ ತಳಮಳ. ಹನುಮಂತನ ಗುಡಿಯಿರುವ ಅಂಜನಾದ್ರಿ ಬೆಟ್ಟ ಹತ್ತಿರವೇ ಇದೆ, ಹತ್ತಿ ಬರೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 575 ಮೆಟ್ಟಿಲು, ಮಂಡಿ ನೋವಿನವರು, ಬಸುರಿಯರು, ಬೇರೆ ಧರ್ಮದವರು ಇರಬಹುದು. ಕೂಟ ಮುಗಿದ ಮೇಲೆ ಬೇಕಾದವರು ಹೋಗಲಿ, ಕಾರ್ಯಕ್ರಮದ ಭಾಗವಾಗುವುದು ಬೇಡ.

ಊಟದ ನಂತರದ ಒಂದು ತಾಸಿನಲ್ಲಿ ಒಂದೇ ಒಂದು ನಿಯಮ ಒಪ್ಪಿಕೊಂಡು ಏಳಿ: 20 ನಿಮಿಷಕ್ಕಿಂತ ಹೆಚ್ಚು ಸಿಕ್ಕಿಬಿದ್ದರೆ ಗುಂಪಿನಲ್ಲಿ ಕೇಳಲೇಬೇಕು. ಕೇಳುವಾಗ ಪಾರ್ಟಿ ಹೆಸರು, ಏನು ಮಾಡಿ ನೋಡಿದೆ, ಎಲ್ಲಿ ನಿಂತಿತು – ಈ ಮೂರು ಬರೆಯಬೇಕು. “ಇದು ಹೆಂಗ್ರಿ?” ಎಂದಷ್ಟೇ ಬಂದರೆ ಉತ್ತರ ಕೊಡುವವರಿಗೆ ತಲೆಬುಡ ತಿಳಿಯುವುದಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ: ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಸ್ಥಳವಾಗಬಹುದು, ಕೆಲಸದ ನಿಮಿತ್ತ ಹೋದ ಜಾಗ, ಸಂಸ್ಥೆ ಒದಗಿಸಿದ ವಾಹನವೂ ಸೇರುತ್ತವೆ. 10 ಅಥವಾ ಹೆಚ್ಚು ನೌಕರರಿದ್ದರೆ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಜೋಡಿ ಮಾತು ಶುರುವಾಗುವ ಮೊದಲೇ ಗುಂಪಿಗೆ ತಿಳಿಸಿ.

ಫಲ ಬಂತೋ ಇಲ್ಲವೋ ಎಂದು ಹಾಜರಿ ನೋಡಿ ಅಳೆಯಬೇಡಿ. ವಾರಕ್ಕೆ ಗುಂಪಿನಲ್ಲಿ ಬಂದ ಪ್ರಶ್ನೆ ಎಷ್ಟು, ಉತ್ತರ ಬರಲು ಎಷ್ಟು ಹೊತ್ತಾಯಿತು, ಉತ್ತರಿಸಿದವರಲ್ಲಿ ನಿಮ್ಮನ್ನು ಬಿಟ್ಟು ಎಷ್ಟು ಜನ – ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಮೊದಲ ಎರಡು ತಿಂಗಳು ಪ್ರಶ್ನೆಗಳೂ ತಪ್ಪುಗಳೂ ಹೆಚ್ಚಾದಂತೆ ಕಾಣುತ್ತದೆ. ಗಾಬರಿಯಾಗಬೇಡಿ, ಮಾಲೀಕರಿಗೂ ಮೊದಲೇ ಹೇಳಿಡಿ. ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ವರದಿಯಾಗಿದ್ದವು. ಅಲ್ಲಿ ತಪ್ಪನ್ನು ಬಚ್ಚಿಡುತ್ತಿರಲಿಲ್ಲ. ನಾಲ್ಕು ತಿಂಗಳಾದರೂ ಎಲ್ಲ ಪ್ರಶ್ನೆ ನಿಮ್ಮೊಬ್ಬರಿಗೇ ಬರುತ್ತಿದ್ದರೆ ಇನ್ಸೆಂಟಿವ್ ವಿಷಯಕ್ಕೆ ಮಾಲೀಕರ ಹತ್ತಿರ ಮತ್ತೆ ಹೋಗಿ. ಗಂಟು ಅಲ್ಲೇ ಇರುತ್ತದೆ.

ಶುಕ್ರವಾರದ ಆಟವನ್ನು ಈ ವಾರವೇ ನಿಲ್ಲಿಸಿ. ಸದ್ದಿಲ್ಲದೆ ನಿಲ್ಲಿಸಿದರೆ, ಬಾರದವರ ಮೇಲೆ ನಿಮಗೆ ಸಿಟ್ಟು ಎಂದುಕೊಳ್ಳುತ್ತಾರೆ. ಗುಂಪಿಗೆ ಹೀಗೆ ಬರೆಯಿರಿ: “ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆ ಆಟ ಇನ್ನ ಇರಂಗಿಲ್ಲ. ಹೊತ್ತು ನಾನ ತಪ್ಪಿಟ್ಟಿದ್ದೆ, ಯಾರ ಮ್ಯಾಲೂ ಬೇಜಾರಿಲ್ಲ. 20 ದಾಟಿದ ಮೇಲೆ ಬರೋ ಬುಧವಾರ 11.30ಕ್ಕ ಇಬ್ಬಿಬ್ಬರು 20 ನಿಮಿಷ ಫೋನಿನ್ಯಾಗ ಮಾತಾಡೋಣ, ಕೆಲಸದ ಹೊತ್ತಿನ್ಯಾಗ. ವಿಡಿಯೊ ಬ್ಯಾಡ, ರಿಪೋರ್ಟ್ ಬ್ಯಾಡ. ಜೋಡಿ ಹೆಸರು ಸೋಮವಾರ ಹಾಕ್ತೀನಿ. ಬದಲಿ ಬೇಕಂದ್ರ ನನಗೊಬ್ಬಾಕಿಗೆ ಮೆಸೇಜ್ ಮಾಡ್ರಿ.”